ರಾಡ್ ನಿಂತ ಜಾಗ: ದಾವಣಗೆರೆಯ ಜಿಮ್‌ನಲ್ಲಿ ಎಂಟು ವಾರದ ಫೇಲ್ಯೂರ್ ಸುತ್ತು

ಬೆಂಚಿನ ಮೇಲೆ ಮಲಗಿ ತೂಕದ ರಾಡನ್ನು ಎದೆಗೆ ಇಳಿಸಿ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್‌ನಲ್ಲಿ ರಾಡ್ ಕೈಕೊಡುವುದು ಹೆಚ್ಚೂಕಡಿಮೆ ಒಂದೇ ಜಾಗದಲ್ಲಿ, ಎದೆಯಿಂದ ನಾಲ್ಕೈದು ಬೆರಳು ಮೇಲೆ. ಎದೆ ಮುಟ್ಟಿದ ರಾಡ್ ಏಳುತ್ತದೆ, ಅಲ್ಲಿಗೆ ಬಂದು ಮಂದವಾಗುತ್ತದೆ, ಎರಡು ಸೆಕೆಂಡು ನಡುಗುತ್ತಾ ನಿಲ್ಲುತ್ತದೆ, ಆಮೇಲೆ ಎಷ್ಟೇ ತಳ್ಳಿದರೂ ಇಳಿಯತೊಡಗುತ್ತದೆ. ಸೊಂಟ ಬೆಂಚು ಬಿಡದೆ, ಪಾದ ನೆಲ ಬಿಡದೆ, ಇದ್ದಬದ್ದ ಕಸುವೆಲ್ಲ ಹಾಕಿಯೂ ಹೀಗಾದರೆ ಅದು ಫೇಲ್ಯೂರ್. ನಮ್ಮೂರ ಜಿಮ್‌ಗಳಲ್ಲಿ ಸಂಜೆ ಆರರಿಂದ ಎಂಟರೊಳಗೆ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಪಕ್ಕದಲ್ಲಿ ನಿಂತು ನೋಡಿದರೆ ಮಾತ್ರ, ಫೇಲ್ಯೂರ್ ಅಂತ ಎದ್ದು ಕೂತವರಲ್ಲಿ ಬಹಳಷ್ಟು ಜನರ ರಾಡ್ ನಿಂತೇ ಇರುವುದಿಲ್ಲ. ಉರಿ ಬಂತು, ಬಿಟ್ಟರು. ಇಲ್ಲವೇ ಕಾರ್ಡಿನಲ್ಲಿ ಹತ್ತು ಅಂತ ಬರೆದಿತ್ತು, ಹತ್ತಕ್ಕೆ ನಿಲ್ಲಿಸಿದರು. ಇನ್ನು ಕೆಲವರದು ತದ್ವಿರುದ್ಧ: ರಾಡ್ ಎಂಟಕ್ಕೇ ನಿಂತಿತ್ತು, ತಲೆಯ ಹತ್ತಿರ ನಿಂತ ಗೆಳೆಯ ‘ನಿಂದೇ ಐತಲೇ, ನಿಂದೇ ಐತೆ’ ಅನ್ನುತ್ತಾ ಉಳಿದ ನಾಲ್ಕನ್ನು ತಾನೇ ಎತ್ತಿದ.

ಇಲ್ಲಿರುವುದು ನಾವು ಮಾಡುವ, ಮಾಡಿಸುವ ಎಂಟು ವಾರದ ಒಂದು ಸುತ್ತಿನ ವಿವರ. ಕನಿಷ್ಠ ಒಂದು ವರ್ಷ ತಪ್ಪದೆ ಕಬ್ಬಿಣ ಎತ್ತಿದವರನ್ನು ಮಾತ್ರ ಇದಕ್ಕೆ ಸೇರಿಸುತ್ತೇವೆ. ಹೊಸಬರಿಗೆ ಸ್ನಾಯು ಸೋಲುವ ಮೊದಲೇ ಭಂಗಿ ಸೋಲುತ್ತದೆ. ಅವರ ಮೈ ಮೂರು-ನಾಲ್ಕು ರೆಪ್ಸ್ (ಒಂದು ಸಲ ಇಳಿಸಿ ಎತ್ತಿದರೆ ಒಂದು ರೆಪ್) ಕೈಯಲ್ಲಿ ಉಳಿಸಿಕೊಂಡರೂ ಬೆಳೆಯುತ್ತದೆ, ಅವರಿಗೆ ಈ ಕಷ್ಟ ಬೇಕಿಲ್ಲ.

ಶುರು ಮಾಡುವ ಮುನ್ನ ರಾಡ್ ತೂಗಬೇಕು. ಹುಡುಗರು ನಗುತ್ತಾರೆ, ನಗಲಿ. ಒಲಿಂಪಿಕ್ ರಾಡ್ 2.2 ಮೀಟರ್ ಉದ್ದ, 20 ಕಿಲೋ ತೂಕ. ಊರಿನ ಹಳೆಯ ಜಿಮ್‌ಗಳಲ್ಲಿರುವ ಸಣ್ಣ ತೂತಿನ ಪ್ಲೇಟಿನ ರಾಡ್ 7 ಕಿಲೋನೂ ಇರಬಹುದು, 12 ಕಿಲೋನೂ ಇರಬಹುದು. ಎರಕದ ಪ್ಲೇಟಿನ ಮೇಲೆ 10 ಅಂತ ಬರೆದಿದ್ದರೂ ಅರ್ಧ ಕಿಲೋ ಆಚೀಚೆ ಬರುವುದುಂಟು. ಮೆಕ್ಕೆಜೋಳದ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾ ಈ ಊರಲ್ಲಿ ಹುಡುಕಿಕೊಂಡು ಹೋಗುವ ವಸ್ತುವಲ್ಲ. ಒಂದು ಸಲ ಎಲ್ಲ ರಾಡು, ಪ್ಲೇಟು ಅದರ ಮೇಲಿಟ್ಟು ನಿಜವಾದ ತೂಕವನ್ನು ಪೇಂಟಿನಲ್ಲಿ ಬರೆದುಬಿಟ್ಟರೆ ಮುಗಿಯಿತು. ಇಷ್ಟೆಲ್ಲ ಯಾಕೆಂದರೆ ಎಡಕ್ಕೆ 10.4, ಬಲಕ್ಕೆ 9.7 ಕಿಲೋ ಬಿದ್ದಿದ್ದರೆ ಕೊನೆಯ ರೆಪ್‌ನಲ್ಲಿ ಎಡಗೈ ಮೊದಲು ಕುಸಿಯುತ್ತದೆ. ಎತ್ತುವವನು ತನ್ನ ಎಡಗೈ ವೀಕು ಅಂದುಕೊಂಡು ತಿಂಗಳುಗಟ್ಟಲೆ ಅದಕ್ಕೇ ಹೆಚ್ಚು ಕೆಲಸ ಕೊಡುತ್ತಾನೆ.

ಎರಡನೆಯದು, ಬೀಳುವ ವ್ಯವಸ್ಥೆ. ರಾಡನ್ನು ತಡೆಯುವ ಅಡ್ಡಕಂಬಿ, ಅಂದರೆ ಸೇಫ್ಟಿ ಪಿನ್ ಇರುವ ರ‍್ಯಾಕ್ ಸಿಕ್ಕರೆ ಖಾಲಿ ರಾಡ್ ಹಿಡಿದು ಬೆಂಚಿನ ಮೇಲೆ ಮಲಗಿ, ಎದೆ ಉಬ್ಬಿಸಿ, ರಾಡ್ ಎದೆಗೆ ಮುಟ್ಟಿಸಿ ನೋಡಬೇಕು. ಪಿನ್ ಆ ಮಟ್ಟಕ್ಕಿಂತ ಒಂದೆರಡು ಬೆರಳು ಕೆಳಗಿರಬೇಕು, ಅದಕ್ಕಿಂತ ಹೆಚ್ಚಲ್ಲ. ರಾಡ್ ಏಳದಿದ್ದಾಗ ಉಸಿರು ಬಿಟ್ಟು ಎದೆ ಚಪ್ಪಟೆ ಮಾಡಿದರೆ ರಾಡ್ ಪಿನ್ನಿನ ಮೇಲೆ ಕೂರುತ್ತದೆ, ನಾವು ಜಾರಿ ಹೊರಬರಬಹುದು. ಪಿನ್ ತೀರಾ ಕೆಳಗಿದ್ದರೆ ಇದ್ದೂ ಇಲ್ಲದಂತೆ. ನಮ್ಮ ಕಡೆಯ ಬಹುಪಾಲು ಜಿಮ್‌ಗಳಲ್ಲಿ ಬೆಂಚಿಗೆ ಎರಡು ಕಂಬ ಬಿಟ್ಟರೆ ಬೇರೇನೂ ಇರುವುದಿಲ್ಲ. ಅಲ್ಲಿ ಒಬ್ಬರೇ ಮಾಡುವಾಗ ಪ್ಲೇಟಿಗೆ ಲಾಕ್ ಹಾಕಬಾರದು: ಸಿಕ್ಕಿಕೊಂಡರೆ ರಾಡನ್ನು ಒಂದು ಕಡೆಗೆ ವಾಲಿಸಿ ಪ್ಲೇಟು ಕೆಡವಬಹುದು. ಸದ್ದಾಗುತ್ತದೆ, ಓನರ್ ಬೈಯುತ್ತಾರೆ, ಬೈಸಿಕೊಳ್ಳಬಹುದು. ಹೆಬ್ಬೆರಳು ಸುತ್ತದೆ ರಾಡ್ ಹಿಡಿಯುವ ಚಾಳಿ ಇದ್ದವರು ಅವತ್ತೇ ಬಿಡಬೇಕು. ಬೆವರಿದ ಅಂಗೈಯಿಂದ ರಾಡ್ ಜಾರಿ ಎದೆಗೋ ಕತ್ತಿಗೋ ಬೀಳಲು ಅರ್ಧ ಸೆಕೆಂಡು ಸಾಕು.

ಮೊದಲ ಎರಡು ವಾರ ಯಾವ ಸೆಟ್ಟೂ (ನಡುವೆ ನಿಲ್ಲಿಸದೆ ಮಾಡುವ ರೆಪ್ಸ್‌ಗಳ ಗುಂಪು) ಫೇಲ್ಯೂರಿಗೆ ಹೋಗುವುದಿಲ್ಲ. ಎಲ್ಲದರಲ್ಲೂ ಮೂರು ರೆಪ್ಸ್ ಉಳಿಸಿ ನಿಲ್ಲಿಸುವುದು, ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಪಕ್ಕದಿಂದ ವಿಡಿಯೋ ಮಾಡುವುದು. ವಿಡಿಯೋದಲ್ಲಿ ನೋಡುವುದು ವೇಗ. ಮೊದಲ ರೆಪ್ ಒಂದು ಸೆಕೆಂಡಿನಲ್ಲಿ ಎದ್ದಿದ್ದರೆ ಮೂರು ಉಳಿದಿರುವಾಗ ಸುಮಾರು ಒಂದೂವರೆ ಆಗುತ್ತದೆ, ಕೊನೆಯದು ಮೂರು-ನಾಲ್ಕು ಸೆಕೆಂಡು ಎಳೆಯುತ್ತದೆ. ಬೇಕಂತಲೇ ನಿಧಾನ ಮಾಡಿದ್ದು ಲೆಕ್ಕಕ್ಕಿಲ್ಲ. ಜೋರಾಗಿ ತಳ್ಳುತ್ತಿದ್ದರೂ ತಾನಾಗಿ ನಿಧಾನವಾಗಬೇಕು. ಹುಡುಗರು ‘ಅಣ್ಣಾ, ಇನ್ನೊಂದೂ ಆಗ್ತಿರ್ಲಿಲ್ಲ’ ಅಂದ ಸೆಟ್ಟಿನ ಕೊನೆಯ ರೆಪ್, ವಿಡಿಯೋದಲ್ಲಿ ಮೊದಲ ರೆಪ್‌ನಷ್ಟೇ ಚುರುಕಾಗಿ ಎದ್ದಿರುವುದು ತೀರಾ ಮಾಮೂಲಿ.

ಈ ಎರಡು ವಾರದಲ್ಲೇ ಊಹೆಯ ಪರೀಕ್ಷೆಯನ್ನೂ ಶುರು ಮಾಡಿಸುತ್ತೇವೆ. ಕೂತು ಮಂಡಿ ನೆಟ್ಟಗೆ ಮಾಡುವ ಲೆಗ್ ಎಕ್ಸ್‌ಟೆನ್ಶನ್, ಮೊಣಕೈ ಮಡಚಿ ತೂಕ ಎತ್ತುವ ಬೈಸೆಪ್ಸ್ ಕರ್ಲ್‌ನಂಥ ಅಪಾಯವಿಲ್ಲದ ವ್ಯಾಯಾಮದಲ್ಲಿ, ವಾರಕ್ಕೊಂದೇ ಸೆಟ್ಟು, ಮೂರು ಉಳಿಸುವ ನಿಯಮ ಪಕ್ಕಕ್ಕಿಟ್ಟು. ಇನ್ನು ಎರಡೇ ಆಗುತ್ತವೆ ಅನ್ನಿಸಿದ ಕ್ಷಣ ‘ಎರಡು’ ಅಂತ ಜೋರಾಗಿ ಹೇಳಬೇಕು, ಹೇಳಿ ನಿಲ್ಲಿಸದೆ ಮುಂದುವರಿಸಬೇಕು. ಎರಡು ಅಂದವರು ಐದು-ಆರು ಮಾಡುತ್ತಾರೆ. ಜನ ತಮ್ಮಲ್ಲಿ ಉಳಿದದ್ದನ್ನು ಕಡಿಮೆ ಅಂದಾಜು ಮಾಡುವುದೇ ರೂಢಿ, ಅದರಲ್ಲೂ ರೆಪ್ಸ್ ಹೆಚ್ಚಿರುವ ಹಗುರ ಸೆಟ್ಟಿನಲ್ಲಿ. ಹೇಳಿದ್ದು, ಆದದ್ದು ಎರಡನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆಯುತ್ತೇವೆ. ಮೂರನೆಯ ವಾರಕ್ಕೆ ಅಂತರ ಒಂದಕ್ಕೋ ಎರಡಕ್ಕೋ ಬರುತ್ತದೆ. ಈ ಅಳತೆ ಕಲಿಯಲು ಫೇಲ್ಯೂರನ್ನು ಮುಟ್ಟಿ ಬರಲೇಬೇಕು, ಅದರ ಮುಖ್ಯ ಉಪಯೋಗವೇ ಅದು ಅನ್ನುವುದು ನಮ್ಮ ಅಭಿಪ್ರಾಯ. ಕಾರು ಓಡಿಸುವವನಿಗೆ ಬ್ರೇಕ್ ಎಲ್ಲಿ ಹಿಡಿಯುತ್ತದೆ ಗೊತ್ತಿರಬೇಕು, ಹಾಗಂತ ಪ್ರತಿ ತಿರುವಿನಲ್ಲೂ ಅದನ್ನು ಪೂರ್ತಿ ಒತ್ತುವುದಿಲ್ಲ.

ಮೂರನೆಯ ವಾರದ ಸೋಮವಾರ ಬೆಂಚಿನಲ್ಲಿ ನಿಜವಾದ ಸೆಟ್ಟು. 70 ಕಿಲೋ ತೂಗುವ, ಎರಡು ವರ್ಷದಿಂದ ಎತ್ತುತ್ತಿರುವ ಒಬ್ಬನ ಪುಟ ಹೀಗಿರುತ್ತದೆ. ವಾರ್ಮ್‌ಅಪ್: ಖಾಲಿ ರಾಡ್ 10, 40 ಕಿಲೋ 6, 50 ಕಿಲೋ 3. ಆಮೇಲೆ ಎರಡೂವರೆ ನಿಮಿಷ ಕೂರುವುದು. ವಾರ್ಮ್‌ಅಪ್‌ನಲ್ಲೇ ಹದಿನೈದು-ಇಪ್ಪತ್ತು ಎಳೆದು ದಣಿಯುವವರಿದ್ದಾರೆ, ಅದು ಅಡುಗೆ ರುಚಿ ನೋಡುತ್ತಲೇ ಹೊಟ್ಟೆ ತುಂಬಿಸಿಕೊಂಡ ಹಾಗೆ.

ಕೆಲಸದ ಸೆಟ್ಟು 60 ಕಿಲೋ, ರಾಡ್ ಸೇರಿ. ಭುಜದ ಹಲಗೆಗಳನ್ನು ಹಿಂದಕ್ಕೆ ಸೇರಿಸಿ ಬೆಂಚಿಗೆ ಒತ್ತಿ ಮಲಗಬೇಕು. ಒಂದರಿಂದ ಐದರವರೆಗೆ ಏನೂ ಇಲ್ಲ. ಆರರಲ್ಲಿ ಮೊದಲ ಸಲ ಭಾರ ಅನ್ನಿಸುತ್ತದೆ. ಏಳರಲ್ಲಿ ರಾಡ್ ಆ ನಾಲ್ಕು ಬೆರಳಿನ ಜಾಗದಲ್ಲಿ ಮಂದವಾಗಿ ಆಮೇಲೆ ಓಡುತ್ತದೆ. ಎಂಟರಲ್ಲಿ ಮೊಣಕೈ ಹೊರಕ್ಕೆ ಅಗಲಲು ನೋಡುತ್ತದೆ, ಪಾದ ಕದಲಲು ನೋಡುತ್ತದೆ. ಇಲ್ಲಿ ಸೊಂಟ ಎತ್ತಿದರೆ ಇನ್ನೆರಡು ಸಿಗುತ್ತವೆ, ಆದರೆ ಆ ಎರಡು ಬೇರೆ ವ್ಯಾಯಾಮದವು. ಒಂಬತ್ತು ನಾಲ್ಕು ಸೆಕೆಂಡು ತಗೊಳ್ಳುತ್ತದೆ, ತೋಳು ನಡುಗುತ್ತದೆ, ಒಂದು ಕೈ ಮೊದಲು ನೆಟ್ಟಗಾಗುತ್ತದೆ, ಮುಗಿಯುತ್ತದೆ. ಹತ್ತನೆಯದು ಎದೆಯಿಂದ ಎದ್ದು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ.

ನಿಂತ ಮೇಲೆ ಏನು ಮಾಡಬೇಕೆನ್ನುವುದನ್ನು ಮೊದಲೇ ಮಾತಾಡಿಕೊಂಡಿರಬೇಕು. ಸಪೋರ್ಟಿಗೆ ನಿಂತವನ ಕೈ ರಾಡಿನ ಕೆಳಗೆ, ಮುಟ್ಟದೆ, ಎರಡು ಬೆರಳು ದೂರ. ರಾಡ್ ಎರಡು ಸೆಕೆಂಡು ಪೂರ್ತಿ ನಿಲ್ಲುವವರೆಗೆ, ಅಥವಾ ಇಳಿಯಲು ಶುರುವಾಗುವವರೆಗೆ, ಅಥವಾ ಮಲಗಿದವನು ‘ತಗೋ’ ಅನ್ನುವವರೆಗೆ ಮುಟ್ಟುವ ಹಾಗಿಲ್ಲ. ಮುಟ್ಟಿದ ಮೇಲೆ ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಕಂಬದ ಮೇಲೆ ಕೂರಿಸಿಯೇ ಬಿಡಬೇಕು. ಬೆರಳು ತಾಗಿದ ರೆಪ್ ಪುಸ್ತಕಕ್ಕೆ ಹೋಗುವುದಿಲ್ಲ, 9 ಅಂದರೆ 9. ಎರಡು ಬೆರಳು ಎತ್ತುವ ಭಾರ ಏನು ಮಹಾ ಅನ್ನುವವರಿಗೆ ಒಂದು ಲೆಕ್ಕ: ನಿಂತ ರಾಡು ಮತ್ತೆ ಓಡಲು ಮೂರು-ನಾಲ್ಕು ಕಿಲೋ ಕಡಿಮೆಯಾದರೂ ಸಾಕು, ಅಷ್ಟನ್ನು ಬೆರಳ ತುದಿಯೇ ಕೊಡುತ್ತದೆ. ಹೀಗೆ ಬೆರಳ ಮೇಲೆ ಬೆಳೆದ 80 ಕಿಲೋ ಬೆಂಚು, ಗೆಳೆಯ ಮದುವೆಗೆ ಹೋದ ದಿನ 70ಕ್ಕೆ ಇಳಿಯುತ್ತದೆ.

ಒಬ್ಬರೇ ಇರುವವರಿಗೆ ಧೈರ್ಯ ಕೊಡುವ ಸಂಗತಿ ಒಂದಿದೆ. ಸ್ನಾಯು ಎತ್ತಲಾಗದ ತೂಕವನ್ನೂ ತಡೆದು ಇಳಿಸಬಲ್ಲದು, ಇಳಿಸುವಾಗಿನ ಶಕ್ತಿ ಎತ್ತುವಾಗಿನದಕ್ಕಿಂತ ಹೆಚ್ಚು. ಅದಕ್ಕೇ ನಿಂತ ರಾಡ್ ಧೊಪ್ಪನೆ ಬೀಳುವುದಿಲ್ಲ, ಗಾಬರಿಯಾಗಿ ಕೈ ಸಡಿಲಿಸಿದರಷ್ಟೇ ಬೀಳುತ್ತದೆ.

ಮೂರು ನಿಮಿಷದ ವಿಶ್ರಾಂತಿ. ಎರಡನೆಯ ಸೆಟ್ಟು 7, ಮೂರನೆಯದು 5. ಒಟ್ಟು 21. ಅದೇ ಮನುಷ್ಯ ಸುತ್ತು ಶುರುವಾಗುವ ಮುಂಚಿನ ವಾರ ಅದೇ 60 ಕಿಲೋದಲ್ಲಿ ಎರಡು ಉಳಿಸಿ ನಿಲ್ಲಿಸಿದಾಗ 7, 7, 6 ಮಾಡಿದ್ದ, ಒಟ್ಟು 20. ಒಂದು ರೆಪ್ಪಿನ ವ್ಯತ್ಯಾಸ. ಗುರುವಾರ ಮತ್ತೆ ಎದೆಯ ದಿನ ಬಂದಾಗ ಫೇಲ್ಯೂರ್ ವಾರದಲ್ಲಿ ಮೊದಲ ಸೆಟ್ಟು 8ಕ್ಕೇ ಕೂರುತ್ತದೆ, ಭುಜದ ಮುಂಭಾಗ ಹಿಡಿದಂತಿರುತ್ತದೆ. ಫೇಲ್ಯೂರ್ ತನಕ ಹೋದ ಮೈ ಚೇತರಿಸಿಕೊಳ್ಳಲು ಒಂದೆರಡು ದಿನ ಹೆಚ್ಚು ಕೇಳುತ್ತದೆ. ಈ ಪುಟವನ್ನು ತೋರಿಸಿದ ಮೇಲೆ ಬೆಂಚಿನ ಮೂರೂ ಸೆಟ್ಟು ಸಾಯಿಸುವ ಹಟ ತಾನಾಗಿ ಕಡಿಮೆಯಾಗುತ್ತದೆ.

ಹಾಗಾದರೆ ಆ ಕೊನೆಯ ರೆಪ್ಸ್‌ಗಳಲ್ಲಿ ಏನಿದೆ? ನರವಿಜ್ಞಾನಿ ಎಲ್ವುಡ್ ಹೆನ್ನೆಮನ್ 1957ರಲ್ಲಿ ತೋರಿಸಿ 1965ರಲ್ಲಿ ವಿಸ್ತರಿಸಿದ ಸಂಗತಿ ಇದಕ್ಕೆ ಬುಡ. ನರಮಂಡಲ ಸ್ನಾಯುವಿನ ಎಲ್ಲ ಎಳೆಗಳನ್ನೂ ಒಟ್ಟಿಗೇ ಕೆಲಸಕ್ಕೆ ಕರೆಯುವುದಿಲ್ಲ. ಒಂದು ನರಕೋಶ ಮತ್ತು ಅದು ನಡೆಸುವ ಎಳೆಗಳು ಸೇರಿ ಒಂದು ಘಟಕ: ಸಣ್ಣ ಘಟಕ ಮೊದಲು, ದೊಡ್ಡದು ಆಮೇಲೆ, ಬೇಕಾದಾಗ ಮಾತ್ರ. ಭಾರದ ತೂಕಕ್ಕೆ ಮೊದಲ ರೆಪ್‌ನಲ್ಲೇ ದೊಡ್ಡವುಗಳಿಗೆ ಕರೆ ಹೋಗುತ್ತದೆ. ಹಗುರದ ತೂಕಕ್ಕೆ, ಸಣ್ಣವು ದಣಿದು ಕೈಚೆಲ್ಲಿದ ಮೇಲೆ ಕರೆ. ಬೆಳೆಯುವ ಸಾಮರ್ಥ್ಯ ಹೆಚ್ಚಿರುವುದು ಈ ದೊಡ್ಡ ಘಟಕದ ಎಳೆಗಳಿಗೆ. ಅದಕ್ಕೇ ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ 80 ಶೇಕಡಾ ಹಾಕಿ ಮಾಡುವ 8 ರೆಪ್ಸ್‌ನಲ್ಲಿ ಎರಡು ಉಳಿಸಿ ನಿಂತರೂ ನಷ್ಟವಿಲ್ಲ. 30 ಶೇಕಡಾ ತೂಕದಲ್ಲಿ ಆಗುವಷ್ಟರಲ್ಲಿ ಅರ್ಧಕ್ಕೇ ನಿಂತರೆ ಬೆವರು ಬಿಟ್ಟು ಹೆಚ್ಚೇನೂ ಸಿಗುವುದಿಲ್ಲ. ಹಾಸ್ಟೆಲ್ ರೂಮಿನಲ್ಲಿ ಒಂದು ಜೊತೆ 5 ಕಿಲೋ ಡಂಬೆಲ್ಸ್ ಇಟ್ಟುಕೊಂಡವರು ಇದನ್ನು ಗಮನಿಸಬೇಕು: ತೂಕ ಹಗುರವಾದಷ್ಟೂ ಫೇಲ್ಯೂರ್ ಹತ್ತಿರ ಹೋಗಲೇಬೇಕು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮೊದಲೇ ವ್ಯಾಯಾಮ ಮಾಡುತ್ತಿದ್ದ 49 ಯುವಕರು 12 ವಾರ ಮಾಡಿದರು. ಒಂದು ಗುಂಪಿಗೆ 20ರಿಂದ 25 ರೆಪ್ಸ್‌ನ ಹಗುರ ತೂಕ, ಇನ್ನೊಂದಕ್ಕೆ 8ರಿಂದ 12ರ ಭಾರದ ತೂಕ, ಎರಡೂ ಫೇಲ್ಯೂರಿಗೆ. ಸ್ನಾಯು ಎರಡು ಗುಂಪಿನಲ್ಲೂ ಸಮಸಮ ಬೆಳೆಯಿತು. ಒಂದೇ ಸಲ ಎತ್ತುವ ಗರಿಷ್ಠ ತೂಕದಲ್ಲಿ ಭಾರದವರು ಮುಂದೆ ಬಂದದ್ದು ಬೆಂಚ್ ಪ್ರೆಸ್‌ನಲ್ಲಿ ಮಾತ್ರ.

ಬಲ ಮತ್ತು ಗಾತ್ರ ಬೇರೆಬೇರೆ ದಾರಿ ಹಿಡಿಯುವುದು ಇಲ್ಲಿಂದಲೇ. 2024ರಲ್ಲಿ ಪ್ರಕಟವಾದ ರಾಬಿನ್ಸನ್ ಮತ್ತು ಜೊತೆಗಾರರ ವಿಶ್ಲೇಷಣೆ ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿತು. ಸೆಟ್ಟು ಫೇಲ್ಯೂರಿಗೆ ಹತ್ತಿರವಾದಷ್ಟೂ ಗಾತ್ರದ ಬೆಳವಣಿಗೆ ಹೆಚ್ಚುವ ಒಲವು ಕಂಡಿತು, ಬಲಕ್ಕೆ ಅಂಥ ಸಂಬಂಧ ಕಾಣಲಿಲ್ಲ. ಎಪಿಎಂಸಿಯ ಹಮಾಲರನ್ನು ನೋಡಿದರೂ ಅದು ಅರ್ಥವಾಗುತ್ತದೆ. 50-60 ಕಿಲೋ ಚೀಲ ಬೆನ್ನಿಗೆ ಹಾಕಿಕೊಂಡು ಹಲಗೆ ಹತ್ತುವವರು ದಿನಕ್ಕೆ ನೂರು ಸಲ ಅದನ್ನೇ ಮಾಡುತ್ತಾರೆ, ಒಂದು ಸಲವೂ ಚೀಲ ಹೊತ್ತು ಕುಸಿಯುವವರೆಗೆ ಹೋಗುವುದಿಲ್ಲ, ಹೋದರೆ ಅವತ್ತಿನ ಕೂಲಿ ಹೋಯಿತು. ಬಲಕ್ಕೆ ಭಾರದ ತೂಕ, ದಣಿಯದ ರೆಪ್ಸ್, ಅದೇ ಚಲನೆಯ ಅಭ್ಯಾಸ ಬೇಕು. ಗರಡಿಯವರೂ ಇದನ್ನು ಬಲ್ಲರು. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಾಂಬಿಕಾ ಜಾತ್ರೆಯ ಕುಸ್ತಿಗೆ ಹೆಸರು ಕೊಟ್ಟ ಪೈಲ್ವಾನ್ ಕೊನೆಯ ವಾರದಲ್ಲಿ ಬಸ್ಕಿ ಎಳೆದು ತೊಡೆ ಸಾಯಿಸಿಕೊಳ್ಳುವುದಿಲ್ಲ, ಮೈ ಹಗುರ ಇಟ್ಟುಕೊಳ್ಳುತ್ತಾನೆ.

ಆದ್ದರಿಂದ ನಾಲ್ಕರಿಂದ ಏಳನೆಯ ವಾರದವರೆಗೆ ಹಂಚಿಕೆ ಹೀಗೆ. ಸೋಮವಾರ, ಗುರುವಾರ ಎದೆ-ಬೆನ್ನು-ತೋಳು. ಮಂಗಳವಾರ, ಶುಕ್ರವಾರ ಕಾಲು. ಒಂದೊಂದು ಸ್ನಾಯುವಿಗೆ ವಾರಕ್ಕೆ ಸುಮಾರು 10 ಕೆಲಸದ ಸೆಟ್ಟು, ಅದಕ್ಕಿಂತ ಹೆಚ್ಚಿಲ್ಲ. ನೆಲದಿಂದ ರಾಡ್ ಎತ್ತುವ ಡೆಡ್‌ಲಿಫ್ಟ್‌ನಲ್ಲಿ ಮೂರು ಉಳಿಸುವುದು, ರಾಡ್ ಹೆಗಲ ಮೇಲಿಟ್ಟು ಕೂತೇಳುವ ಸ್ಕ್ವಾಟ್‌ನಲ್ಲಿ ಎರಡು, ಬೆಂಚ್ ಮತ್ತು ತೂಕವನ್ನು ಮೈಕಡೆಗೆ ಎಳೆಯುವ ರೋಯಿಂಗ್‌ನಲ್ಲಿ ಒಂದೋ ಎರಡೋ. ಲೆಗ್ ಎಕ್ಸ್‌ಟೆನ್ಶನ್, ಮಂಡಿ ಮಡಚುವ ಲೆಗ್ ಕರ್ಲ್, ತೋಳನ್ನು ಪಕ್ಕಕ್ಕೆ ಎತ್ತುವ ಲ್ಯಾಟರಲ್ ರೈಸ್, ಬೈಸೆಪ್ಸ್ ಕರ್ಲ್, ಹಿಡಿಯನ್ನು ಕೆಳಕ್ಕೆ ಒತ್ತುವ ಟ್ರೈಸೆಪ್ಸ್ ಪುಶ್‌ಡೌನ್‌ಗಳಲ್ಲಿ ಕೊನೆಯ ಸೆಟ್ಟು ಫೇಲ್ಯೂರಿಗೆ. ಕೊನೆಯದೇ ಯಾಕೆಂದರೆ ಮೊದಲ ಸೆಟ್ಟಿನಲ್ಲೇ ಸಾಯಿಸಿದರೆ ಉಳಿದವು ಕುಂಟುತ್ತವೆ, ಮೇಲೆ ಹೇಳಿದ 9, 7, 5ರ ಹಾಗೆ. ತೂಕ ಏರಿಸುವ ಲೆಕ್ಕ ಸರಳ: 8ರಿಂದ 12ರ ನಡುವೆ ಆಡಬೇಕು, ಮೊದಲ ಎರಡು ಸೆಟ್ಟಿನಲ್ಲಿ 12 ಬಂದ ಮುಂದಿನ ಸಲ ಬೆಂಚಿಗೆ 2.5 ಕಿಲೋ, ಕಾಲಿನ ಮಷೀನಿಗೆ ತೂಕದ ಒಂದು ಬ್ಲಾಕ್. ಡಂಬೆಲ್ಸ್‌ನಲ್ಲಿ 7.5ರಿಂದ ನೇರ 10ಕ್ಕೆ ಹಾರಬೇಕಾದ ಜಿಮ್‌ಗಳಲ್ಲಿ ಲ್ಯಾಟರಲ್ ರೈಸ್‌ಗೆ 20ರವರೆಗೂ ರೆಪ್ಸ್ ಏರಿಸಿಯೇ ಹಾರಬೇಕು. ಕಾಲುಭಾಗಕ್ಕಿಂತ ಹೆಚ್ಚಿನ ಜಿಗಿತ ಅದು.

ಪ್ರತಿ ವ್ಯಾಯಾಮಕ್ಕೂ ಸೋಲುವ ಜಾಗ ಬೇರೆ. ಕರ್ಲ್‌ನಲ್ಲಿ ಮುಂಗೈ ನೆಲಕ್ಕೆ ಸಮವಾಗುವ ಕಡೆ ನಿಲ್ಲುತ್ತದೆ, ಮೊಣಕೈಯಿಂದ ಭಾರಕ್ಕಿರುವ ಅಡ್ಡದೂರ ಅಲ್ಲೇ ಅತಿ ಹೆಚ್ಚು. ಅಲ್ಲಿ ಸೊಂಟದಿಂದ ಜೋಲಿ ಹೊಡೆದರೆ ಸೆಟ್ಟು ಮುಗಿಯಿತು ಅಂತಲೇ ಲೆಕ್ಕ. ಬೆನ್ನನ್ನು ಗೋಡೆಗೆ ಒರಗಿಸಿ ಮಾಡಿಸಿದರೆ ಕಳ್ಳಾಟ ನಿಲ್ಲುತ್ತದೆ, ರೆಪ್ಸ್ ಹನ್ನೆರಡರಿಂದ ಎಂಟಕ್ಕೆ ಬೀಳುತ್ತವೆ, ಮುಖ ಸಪ್ಪಗಾಗುತ್ತದೆ. ಲೆಗ್ ಎಕ್ಸ್‌ಟೆನ್ಶನ್ ಮೇಲ್ತುದಿಯಲ್ಲಿ ಸೋಲುತ್ತದೆ: ಮಂಡಿ ಪೂರ್ತಿ ನೆಟ್ಟಗಾಗದ ಮೊದಲ ರೆಪ್ಪೇ ಫೇಲ್ಯೂರ್. ಲ್ಯಾಟರಲ್ ರೈಸ್, ಪುಲ್‌ಅಪ್ ಕೂಡ ಮೇಲೆಯೇ. ಮೀನಖಂಡದ ವ್ಯಾಯಾಮ ಇವೆಲ್ಲಕ್ಕಿಂತ ಮೋಸದ್ದು, ಅದು ಎಲ್ಲೂ ಥಟ್ಟನೆ ನಿಲ್ಲುವುದೇ ಇಲ್ಲ, ಎತ್ತರ ಮಾತ್ರ ಒಂದೊಂದೇ ದಾರದಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಅದಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ತಲೆ ಗೆರೆ ಮುಟ್ಟದ ರೆಪ್ಪಿಗೆ ನಿಲ್ಲಿಸುವುದು. ಕೂತು ಕಾಲಿನಿಂದ ತೂಕ ತಳ್ಳುವ ಲೆಗ್ ಪ್ರೆಸ್‌ನಲ್ಲಿ ಸೀಟಿನಿಂದ ಪೃಷ್ಠ ಎದ್ದು ನಡು ಸುರುಳಿಯಾದರೆ ತೊಡೆಯಲ್ಲಿ ಶಕ್ತಿ ಇದ್ದರೂ ಅವತ್ತಿಗೆ ಸಾಕು.

ಸ್ಕ್ವಾಟ್ ಮತ್ತು ಡೆಡ್‌ಲಿಫ್ಟ್ ಅನ್ನು ಫೇಲ್ಯೂರಿಗೆ ಒಯ್ಯದಿರಲು ಕಾರಣ ಬೆನ್ನು. ಡೆಡ್‌ಲಿಫ್ಟ್‌ನಲ್ಲಿ ತೊಡೆ, ಪೃಷ್ಠ ಸೋಲುವ ಮೊದಲೇ ಬೆನ್ನು ಬಾಗುತ್ತದೆ, ಅದಕ್ಕೂ ಮೊದಲು ಹಿಡಿತ ಜಾರುತ್ತದೆ. ಸ್ಕ್ವಾಟ್‌ನಲ್ಲಿ ಕೊನೆಯ ರೆಪ್ಪಿಗೆ ಸೊಂಟ ಮೊದಲು ಏಳುತ್ತದೆ, ಎದೆ ಹಿಂದೆ ಉಳಿಯುತ್ತದೆ, ತೊಡೆಯ ಕೆಲಸ ನಡುವಿಗೆ ಬೀಳುತ್ತದೆ. ಯಾರಾದರೂ ಹಟ ಹಿಡಿದರೆ ಪಿನ್ ಇರುವ ರ‍್ಯಾಕಿನಲ್ಲಿ ಮಾತ್ರ. ರಾಡಿನ ಎರಡು ತುದಿಗೆ ಇಬ್ಬರು ನಿಂತು ಹಿಡಿಯುವುದಾದರೆ ಒಬ್ಬರ ದನಿಗೆ ಇಬ್ಬರೂ ಒಟ್ಟಿಗೆ ಎತ್ತಬೇಕು. ಒಬ್ಬ ಅರ್ಧ ಸೆಕೆಂಡು ಮೊದಲು ಎತ್ತಿದರೆ ನಡುವಿನವನ ಬೆನ್ನು ತಿರುಚುತ್ತದೆ, ಸಪೋರ್ಟ್ ಇಲ್ಲದಿದ್ದರೇ ಚೆನ್ನಾಗಿತ್ತು ಅನ್ನಿಸುತ್ತದೆ.

ಫೇಲ್ಯೂರ್ ಥರ ಕಂಡೂ ಫೇಲ್ಯೂರ್ ಅಲ್ಲದವು ಮೂರಿವೆ. ಉರಿ ಮೊದಲನೆಯದು. ಹದಿನೈದು ದಾಟಿದ ಸೆಟ್ಟಿನಲ್ಲಿ ತೊಡೆ ಕೆಂಡವಾಗುತ್ತದೆ, ಸ್ನಾಯುವಿನಲ್ಲಿ ಇನ್ನೂ ಐದಾರು ಇರುತ್ತವೆ. ಎರಡನೆಯದು ಉಸಿರು. ಒಂದು ನಿಮಿಷಕ್ಕೇ ಮುಂದಿನ ಸೆಟ್ಟಿಗೆ ಇಳಿದರೆ ಸ್ನಾಯುವಿಗಿಂತ ಮೊದಲು ದಮ್ಮು ಕಟ್ಟುತ್ತದೆ. 2016ರ ಒಂದು ಪ್ರಯೋಗದಲ್ಲಿ 21 ಅನುಭವಿ ಗಂಡಸರನ್ನು 8 ವಾರ ನೋಡಿದಾಗ, ಒಂದು ನಿಮಿಷಕ್ಕಿಂತ ಮೂರು ನಿಮಿಷ ವಿಶ್ರಾಂತಿ ತಗೊಂಡವರಿಗೆ ಬಲವೂ ಗಾತ್ರವೂ ಹೆಚ್ಚು ಬಂತು. ಏಪ್ರಿಲ್‌ನಲ್ಲಿ ತಗಡಿನ ಚಾವಣಿಯ ಕೆಳಗೆ ಸಂಜೆ ಐದಕ್ಕೆ ಮಾಡುವವರಿಗೆ ಈ ಉಸಿರಿನ ಕಾಟ ಇನ್ನೂ ಜಾಸ್ತಿ. ಬೇಸಿಗೆ ಸುತ್ತನ್ನು ನಾವು ಬೆಳಗಿನ ಆರಕ್ಕೆ ತರುತ್ತೇವೆ, ಮುಗಿಸಿದ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಒಂದು ಚೊಂಬು. ಮೂರನೆಯದು ಹಿಡಿತ. ಮೇಲಿನ ಹಿಡಿಯನ್ನು ಎದೆಗೆ ಎಳೆಯುವ ಲ್ಯಾಟ್ ಪುಲ್‌ಡೌನ್‌ನಲ್ಲಿ ಬೆನ್ನಿಗೆ ಏನೂ ಆಗಿರುವುದಿಲ್ಲ, ಬೆರಳು ಬಿಚ್ಚಿಕೊಳ್ಳುತ್ತವೆ. ಕೊನೆಯ ಸೆಟ್ಟಿಗೆ ಪಟ್ಟಿ ಕಟ್ಟಿಕೊಂಡರೆ ನಾಚಿಕೆ ಏನಿಲ್ಲ.

ಡ್ರಾಪ್ ಸೆಟ್, ರೆಸ್ಟ್-ಪಾಸ್ ಬಗ್ಗೆ ಕೇಳುವವರು ಬಹಳ. 10 ಕಿಲೋದಲ್ಲಿ ಸೋತು, ತಕ್ಷಣ 7.5, ಆಮೇಲೆ 5 ಹಿಡಿಯುವುದು ಡ್ರಾಪ್ ಸೆಟ್. ಅದೇ ತೂಕ ಇಟ್ಟು 20 ಸೆಕೆಂಡು ತಡೆದು ಮತ್ತೆ ಮೂರು-ನಾಲ್ಕು ಎಳೆಯುವುದು ರೆಸ್ಟ್-ಪಾಸ್. ಇವು ಸಮಯ ಉಳಿಸುತ್ತವೆ, ಪವಾಡ ಮಾಡುವುದಿಲ್ಲ. ಅಂಗಡಿ ಬಾಗಿಲು ತೆರೆಯುವ ಹೊತ್ತಾಯಿತು ಅನ್ನುವವರು ಭುಜಕ್ಕೋ ತೋಳಿಗೋ ಮಾಡಿಕೊಳ್ಳಲಿ. ಒಂದೇ ಸೆಟ್ಟು, ಅದೂ ಫೇಲ್ಯೂರಿಗೆ ಅನ್ನುವ ಪಂಥವನ್ನು 1970ರ ದಶಕದಲ್ಲಿ ಬೆಳೆಸಿದ ಆರ್ಥರ್ ಜೋನ್ಸ್ ನಾಟಿಲಸ್ ಮಷೀನು ಕಟ್ಟಿದ ಮನುಷ್ಯ ಅನ್ನುವುದನ್ನು ಮರೆಯಬಾರದು. ಅದೇ ಹಾದಿ ಹಿಡಿದು 1992ರಿಂದ 1997ರವರೆಗೆ ಆರು ಸಲ ಮಿಸ್ಟರ್ ಒಲಿಂಪಿಯಾ ದೇಹದಾರ್ಢ್ಯ ಸ್ಪರ್ಧೆ ಗೆದ್ದ ಡೋರಿಯನ್ ಯೇಟ್ಸ್ ಕೂಡ ಮಷೀನುಗಳನ್ನು ಧಾರಾಳವಾಗಿ ಬಳಸಿದವರು. ಮಷೀನಿನಲ್ಲಿ ಸೋತರೆ ಬ್ಲಾಕು ಠಣ್ ಅನ್ನುತ್ತದೆ, ಅಷ್ಟೇ. ಆ ಉಪದೇಶ ನಮ್ಮ ಕಡೆಗೆ ಬಂತು, ಮಷೀನು ಎಲ್ಲ ಕಡೆ ಬರಲಿಲ್ಲ.

ಆರೋಗ್ಯದ ಎರಡು ವಿಷಯದಲ್ಲಿ ತಮಾಷೆ ಇಲ್ಲ. ಉಸಿರು ಬಿಗಿಹಿಡಿದು ಕೊನೆಯ ರೆಪ್ ತಳ್ಳುವಾಗ ರಕ್ತದೊತ್ತಡ ಊಹೆಗೂ ಮೀರಿ ಏರುತ್ತದೆ. 1985ರಲ್ಲಿ ಐವರು ದೇಹದಾರ್ಢ್ಯ ಪಟುಗಳ ರಕ್ತನಾಳದೊಳಗೇ ಅಳೆದಾಗ, ಎರಡು ಕಾಲಿನ ಲೆಗ್ ಪ್ರೆಸ್‌ನಲ್ಲಿ ಸರಾಸರಿ 320/250 ಬಂತು, ಒಬ್ಬರದು 480/350 ದಾಟಿತು. ಬಿಪಿ ಇರುವವರು, ಹರ್ನಿಯಾ ಇರುವವರು, ಕಣ್ಣಿನ ಆಪರೇಷನ್ ಆಗಿ ತಿಂಗಳು ತುಂಬದವರು ಡಾಕ್ಟರನ್ನು ಕೇಳದೆ ಈ ಸುತ್ತಿಗೆ ಬರುವ ಹಾಗಿಲ್ಲ. ಉಳಿದವರೂ ರಾಡ್ ಮಂದವಾಗುವ ಜಾಗ ದಾಟುವಾಗ ಹಲ್ಲಿನ ನಡುವೆ ಉಸಿರು ಬಿಡುತ್ತಿರಬೇಕು.

ಇನ್ನೊಂದು, ಸ್ನಾಯು ಒಡೆದು ರಕ್ತಕ್ಕೆ ಇಳಿಯುವುದು. ಇದು ಹೆಚ್ಚಾಗಿ ಆಗುವುದು ಹೊಸಬರಿಗೆ, ಇಲ್ಲವೇ ಆರು ತಿಂಗಳು ಬಿಟ್ಟು ಬಂದವರಿಗೆ, ಮೊದಲ ದಿನವೇ 300 ಬಸ್ಕಿ ಹೊಡೆಸಿದಾಗ. ಮೈನೋವು ಎಲ್ಲರಿಗೂ ಬರುತ್ತದೆ: ಮಾರನೆಯ ದಿನ ಶುರುವಾಗಿ, ಎರಡು-ಮೂರನೆಯ ದಿನ ಜೋರಾಗಿ, ಆಮೇಲೆ ಇಳಿಯುತ್ತದೆ. ತೊಡೆ ಊದಿ ಗಟ್ಟಿಯಾಗಿ, ಮಂಡಿ ಮಡಚಲಾಗದೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಮೈನೋವಲ್ಲ. ಕಿಡ್ನಿಗೆ ಹೊಡೆತ ಬೀಳುವ ಸ್ಥಿತಿ, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಹಚ್ಚಿ ತಿಕ್ಕುತ್ತಾ, ನೋವಿನ ಮಾತ್ರೆ ನುಂಗುತ್ತಾ ಕೂರಬಾರದು, ಕೆಲವು ನೋವಿನ ಮಾತ್ರೆಗಳು ಕಿಡ್ನಿಗೆ ಇನ್ನಷ್ಟು ಕೆಡುಕು ಮಾಡುತ್ತವೆ.

ಊಟದ ಬಗ್ಗೆ ಉದ್ದ ಮಾತು ಬೇಡ. ಮೈತೂಕದ ಒಂದು ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್. 70 ಕಿಲೋದವರಿಗೆ 112 ಗ್ರಾಂ. ಒಂದು ಮೊಟ್ಟೆಗೆ 6, ನೂರು ಗ್ರಾಂ ಸೋಯಾ ಚಂಕ್ಸ್‌ಗೆ ಸುಮಾರು 52, ನೂರು ಗ್ರಾಂ ಶೇಂಗಾಕ್ಕೆ 25ರ ಆಸುಪಾಸು. ಬೆಣ್ಣೆದೋಸೆ ತಿನ್ನಬಾರದು ಅಂತ ಈ ಊರಲ್ಲಿ ಹೇಳುವ ಧೈರ್ಯ ನಮಗಿಲ್ಲ. ತಿನ್ನಿ, ಪ್ರೋಟೀನ್ ಲೆಕ್ಕಕ್ಕೆ ಮಾತ್ರ ಸೇರಿಸಬೇಡಿ. ಮಂಡಕ್ಕಿ-ಮೆಣಸಿನಕಾಯಿಯೂ ಹಾಗೆಯೇ.

ಆರನೆಯ ವಾರದ ಹೊತ್ತಿಗೆ ಕೆಲವರಲ್ಲಿ ಸುಸ್ತಿನ ಗುರುತು ಕಾಣುತ್ತದೆ: ವಾರ್ಮ್‌ಅಪ್‌ನ 50 ಕಿಲೋನೇ ಭಾರ, ಮೊಣಕೈ ಒಳಗೆ ಚುಚ್ಚು, ಮಲಗಿದರೂ ನಿದ್ದೆ ಇಲ್ಲ, ಜಿಮ್ ಬಾಗಿಲಲ್ಲೇ ಬೇಸರ. ಒಂದೇ ವ್ಯಾಯಾಮದಲ್ಲಿ ಎರಡು ಸಲ ಸತತವಾಗಿ ರೆಪ್ಸ್ ಇಳಿದರೆ ಆ ವಾರ ಅದರ ಫೇಲ್ಯೂರ್ ಸೆಟ್ಟು ಕಿತ್ತುಹಾಕುತ್ತೇವೆ, ತೂಕ ಹಾಗೇ ಇರುತ್ತದೆ. ಎಲ್ಲದರಲ್ಲೂ ಇಳಿದಿದ್ದರೆ ಎಂಟನೆಯ ವಾರವನ್ನು ಎರಡು ವಾರ ಮುಂಚೆಯೇ ಕರೆಯುತ್ತೇವೆ. ಎಂಟನೆಯ ವಾರ ಅಂದರೆ ಸೆಟ್ಟುಗಳು ಅರ್ಧ, ಯಾವುದೂ ನಾಲ್ಕು ರೆಪ್ಸ್ ಉಳಿಸದೆ ಮುಗಿಯುವ ಹಾಗಿಲ್ಲ. ಹುಡುಗರಿಗೆ ಈ ವಾರವೇ ಅತಿ ಕಷ್ಟ. ‘ಅಣ್ಣಾ, ಪಂಪ್ ಬರ್ತಿಲ್ಲ, ಸೈಜ್ ಇಳೀತೈತೆ’ ಅನ್ನುತ್ತಾರೆ. ಪಂಪ್ ಅಂದರೆ ಎತ್ತುವಾಗ ಸ್ನಾಯು ಉಬ್ಬುವುದು. ಒಂದು ವಾರದಲ್ಲಿ ಏನೂ ಇಳಿಯುವುದಿಲ್ಲ.

ಒಂಬತ್ತನೆಯ ವಾರದ ಸೋಮವಾರ ಮತ್ತೆ ಅದೇ ಬೆಂಚು, ಅದೇ ಕಾಟಾದಲ್ಲಿ ತೂಗಿದ 60 ಕಿಲೋ, ಅದೇ ಮೂರು ವಾರ್ಮ್‌ಅಪ್ ಸೆಟ್ಟು. ಮಲಗುವ ಮೊದಲು ಎಷ್ಟಾಗುತ್ತದೆ ಅಂತ ಹೇಳಿಸಿ ಬರೆದುಕೊಳ್ಳುತ್ತೇವೆ. ನಡುವೆ ‘ಎರಡು’ ಅಂದ ರೆಪ್ಪಿಗೆ ಒಂದು ಚುಕ್ಕೆ. ರಾಡ್ ನಿಂತ ಮೇಲೆ ಆದದ್ದು ಬರೆಯುವುದು. ಚುಕ್ಕೆಯ ನಂತರ ಒಂದು, ಎರಡು ಅಥವಾ ಮೂರು ರೆಪ್ಸ್ ಬಂದಿದ್ದರೆ ಆ ಮನುಷ್ಯನ ಅಳತೆ ಸರಿ ಇದೆ. ಮುಂದಿನ ಸುತ್ತಿನಲ್ಲಿ ಬೆಂಚನ್ನು ಫೇಲ್ಯೂರಿಗೆ ಒಯ್ಯದೆಯೇ ಅವನ ಲೆಕ್ಕ ನಂಬುತ್ತೇವೆ. ಮೂರು ದಾಟಿದ್ದರೆ ಮೊದಲ ಮೂರು ವಾರ ಇನ್ನೊಮ್ಮೆ, ಬಾಟಲಿಗೆ ಒರಗಿಸಿದ ಮೊಬೈಲಿನ ಸಮೇತ.